ಸುತಾನ್ ಸಿನಾರೋ ಹೊಗಳಿದ ದಿನ

ಜಮ್ರಿಸನ ಟೋಪಿ ಹಲಸಿನಕಾಯಿಯ ಗುಲಾಯಿಯೊಳಗೆ ಬಿದ್ದಾಗ ಬುಕಿಟ್ಟಿಂಗಿ ಊರಿನ ಮೇಲಿನ ಪೇಟೆಯ ಊಟದ ಸಾಲು ಕಿಕ್ಕಿರಿದಿತ್ತು. ತಪ್ಪು ಅವನದೇ. ಕಪಾವು ಎಂಬ ಈ ಬಗೆಯ ಊಟದ ಅಂಗಡಿಯಲ್ಲಿ ಬಡಿಸುವ ಹೆಂಗಸು ಎತ್ತರದ ಹಲಗೆಯ ಮೇಲೆ ಕೂತಿರುತ್ತಾಳೆ. ಅವಳ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಅಗಲ ಬಾಯಿಯ ಪಾತ್ರೆಗಳು. ಅವಳ ಕೈಯಲ್ಲಿ ತೆಂಗಿನ ಚಿಪ್ಪಿನ ಸೌಟು, ಅದಕ್ಕೆ ದೋಟಿಯಷ್ಟು ಉದ್ದದ ಹಿಡಿ. ತಿನ್ನುವವರು ಕೆಳಗೆ ಬೆಂಚಿನ ಮೇಲೆ ಕೂತು, ಕತ್ತೆತ್ತಿ ಬೇಡಿ, ಕೊಟ್ಟದ್ದನ್ನು ತಿನ್ನಬೇಕು. ಜಮ್ರಿಸ್ ಹಾಗೆ ಮಾಡದೆ, ಮೊಟ್ಟೆ ತುಂಬಿ ಬೇಯಿಸಿದ ದನದ ಕರುಳು ಇನ್ನೊಂದು ತುಂಡಾದರೂ ಉಳಿದಿದೆಯೋ ಎಂದು ನೋಡಲು ಎದ್ದು ಬಗ್ಗಿದ. ಅದೇ ಗಳಿಗೆಗೆ ಉನಿ ಜಸ್ಮಿಯ ಸೌಟು ಎಡದಿಂದ ಬಲಕ್ಕೆ ಬಂತು.

ಜಮ್ರಿಸ್ ಟೋಪಿ ಮಾರುವವನು. ಅವನ ತಲೆಯ ಮೇಲಿನ ಟೋಪಿಯೇ ಅವನ ಅಂಗಡಿಯ ಬೋರ್ಡು. ಅದು ಈಗ ಗುಲಾಯಿಯ ಅರಿಸಿನ ಬಣ್ಣದ ತೆಂಗಿನಹಾಲಿನ ಸಾರಿನಲ್ಲಿ, ಹಲಸಿನ ತುಂಡುಗಳ ನಡುವೆ, ಯಾರೂ ಹುಟ್ಟು ಹಾಕದ ದೋಣಿಯಂತೆ ಮೆಲ್ಲಗೆ ತಿರುಗುತ್ತಿತ್ತು.

"ಅಯ್ಯೋ, ನನ್ನ ಪಾತ್ರೆ!" ಎಂದಳು ಉನಿ ಜಸ್ಮಿ. ಬಡಿಸುವ ಹೆಂಗಸರನ್ನೆಲ್ಲ ಅಲ್ಲಿ ಉನಿ, ಅಂದರೆ ಅಕ್ಕ, ಎಂದೇ ಕರೆಯುವುದು. ಈ ಅಕ್ಕನ ಕಣ್ಣಲ್ಲಿ ಆ ಹೊತ್ತು ತಮ್ಮನ ಮೇಲಿನ ಪ್ರೀತಿ ಇರಲಿಲ್ಲ.

"ಅಯ್ಯೋ, ನನ್ನ ಟೋಪಿ!" ಎಂದ ಜಮ್ರಿಸ್, ಬೋಳುತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು.

ಇಬ್ಬರ ದುಃಖಕ್ಕೂ ಸೊಪ್ಪು ಹಾಕದ ದನಿಯೊಂದು ಪಕ್ಕದ ಬೆಂಚಿನಿಂದ ಎದ್ದಿತು. "ತೆಗೀಬೇಡ ಉನಿ, ಬಿಡು. ಇಷ್ಟು ವರ್ಷಕ್ಕೆ ಇವತ್ತು ನಿನ್ನ ಗುಲಾಯಿಗೆ ಒಂದು ವಾಸನೆ ಅಂತ ಬಂತು."

ಅದು ಸುತಾನ್ ಸಿನಾರೋನ ದನಿ. ಹಾಗೆನ್ನುತ್ತಲೇ ಅವನು ಅದೇ ಗುಲಾಯಿಯ ಕೊನೆಯ ಹನಿಯನ್ನು ಬೆರಳಿನಿಂದ ಬಳಿದು ತಟ್ಟೆಯನ್ನು ಕನ್ನಡಿ ಮಾಡುತ್ತಿದ್ದ. ಬೆಂಚುಗಳೆಲ್ಲ ನಕ್ಕವು. ಸಿಡಿಮಿಡಿಗೊಳ್ಳಬೇಕಾಗಿದ್ದ ಉನಿ ಜಸ್ಮಿ ಮಾತ್ರ ಸೆರಗು ಸರಿಮಾಡಿಕೊಂಡು, ಬಿರುದು ಬಂದವಳ ಹಾಗೆ ಅತ್ತಿತ್ತ ನೋಡಿದಳು. ಪಾತ್ರೆ ಒಳಗೆ ಹೋಗಿ ಇನ್ನೊಂದು ಬರುವಷ್ಟರಲ್ಲಿ ಖಾಲಿಯಿದ್ದ ಬೆಂಚೂ ತುಂಬಿತು. ಸಿನಾರೋ ಬೈದ ಅಂಗಡಿ ಅದು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಆ ಪೇಟೆಯಲ್ಲಿ ಇರಲಿಲ್ಲ.

ಅದು ಹೀಗೆ. ಸುತಾನ್ ಸಿನಾರೋ ದನದ ದಲ್ಲಾಳಿ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಲುಂಗಿಯ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿ ಬೆರಳು ತಿರುಚಿ, ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ ವ್ಯಾಪಾರ ಮುಗಿಸುತ್ತಾರೆ. ಹೀಗೆ ಕೆಲಸವನ್ನೆಲ್ಲ ಕೈಯೇ ಮಾಡಿಬಿಟ್ಟರೆ ಬಾಯಿಗೇನು ಕೆಲಸ? ದನವನ್ನು ಬೈಯುವ ಕೆಲಸ. ಬೇಕಾದ ಎತ್ತನ್ನು ಕಂಡವನು "ಇದೇನು ಎತ್ತೋ, ಮೇಕೆಗೆ ದುರಾಸೆ ಬಂದು ಹೀಗಾಯಿತೋ" ಎನ್ನುತ್ತಾನೆ. ಬೇಡವಾದದ್ದನ್ನು ಕಂಡವನು ಬೆನ್ನು ತಟ್ಟಿ "ಒಳ್ಳೇ ಎತ್ತು" ಎಂದು ಹೇಳಿ ಮುಂದೆ ಹೋಗುತ್ತಾನೆ. ಸಂತೆಯಲ್ಲಿ ಎತ್ತಿಗೆ ಅದಕ್ಕಿಂತ ಕೆಟ್ಟ ಸಾವಿಲ್ಲ. ಮೀಸೆ ಮೂಡಿದಂದಿನಿಂದ ಇದೇ ಭಾಷೆಯಲ್ಲಿ ಬದುಕಿದ ಸಿನಾರೋ ಅದನ್ನು ಊಟದ ಸಾಲಿಗೂ ತಂದ. ಅವನ ಹಿಂದೆಯೇ ಉಣ್ಣಲು ಬರುತ್ತಿದ್ದ ದಲ್ಲಾಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ದಲ್ಲಾಳಿಗಳನ್ನು ನೋಡಿ ಊರು ಕಲಿಯಿತು. ಊರಿಗೆ ಸ್ವಂತ ನಾಲಗೆ ಇದ್ದದ್ದು ಮಾತಾಡಲಿಕ್ಕೆ ಮಾತ್ರ.

ಆಸಾಮಿ ಕಡ್ಡಿಯಂತಿದ್ದ. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದು ಪೇಟೆಗೇ ಬಗೆಹರಿಯದ ಪ್ರಶ್ನೆ. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ರೆಂಡಾಂಗ್, ಅಂದರೆ ತೆಂಗಿನಹಾಲು ಇಂಗಿ ಕಪ್ಪಾಗುವವರೆಗೆ ಬೇಯಿಸಿದ ದನದ ಮಾಂಸ, ತಿಂದು, "ಇದನ್ನ ಬೇಯಿಸಿದ್ದೋ, ಹೂತಿಟ್ಟು ಅಗೆದು ತೆಗೆದಿದ್ದೋ?" ಎಂದು ಕೇಳಿ, ಇನ್ನೆರಡು ತುಂಡು ಹಾಕಿಸಿಕೊಳ್ಳುವನು. ಸಿಂಗ್ಕರಾಕ್ ಸರೋವರದ ಹುರಿದ ಚಿಕ್ಕ ಮೀನನ್ನು ಕಂಡು, "ನೀರಲ್ಲಿದ್ದಾಗ್ಲೇ ಇದು ಇದಕ್ಕಿಂತ ಬೆಚ್ಚಗಿತ್ತು" ಎನ್ನುವನು. ಹಸಿಮೆಣಸಿನ ಚಟ್ನಿಗೆ "ಇದನ್ನ ಕೂಸಿನ ಕಣ್ಣಿಗೆ ಹಚ್ಚಬಹುದು" ಎಂದು ಮೂಗು ಮುರಿಯುತ್ತ ಮೂಗು ಒರೆಸಿಕೊಳ್ಳುವನು. ಅವನು ಎದ್ದ ಬೆಂಚಿನ ಕೆಳಗೆ ಬೆಕ್ಕುಗಳು ಕೂಡ ನಿಲ್ಲುತ್ತಿರಲಿಲ್ಲ. ಅಲ್ಲಿ ಏನೂ ಸಿಕ್ಕದೆಂದು ಅವಕ್ಕೂ ಗೊತ್ತು.

ಅವನ ತಿರಸ್ಕಾರ ನಿಜವಾಗಿ ಉಕ್ಕುತ್ತಿದ್ದದ್ದು ಹಬ್ಬಕ್ಕೆ ಊರಿಗೆ ಬರುವ ಜಕಾರ್ತಾದವರನ್ನು ಕಂಡಾಗ. ಅವರು ಕಪ್ಪು ಕನ್ನಡಕ ಹಣೆಗೇರಿಸಿ, ಮೊದಲ ತುತ್ತಿಗೆ ಕಣ್ಣು ಮುಚ್ಚಿ, ಎರಡನೇ ತುತ್ತಿಗೆ ಕಣ್ಣೀರು ಹಾಕಿ, "ಇದೇ ನನ್ನಮ್ಮನ ಕೈರುಚಿ!" ಎನ್ನುವರು. ಸಿನಾರೋ ಅವರಿಗೆ ಕೇಳುವಂತೆಯೇ ಹೇಳುವನು: "ಅಮ್ಮ ಮನೇಲಿ ಅನ್ನ ಇಟ್ಕೊಂಡು ಕೂತಿದಾಳೆ. ಇವನು ಪೇಟೇಲಿ ಕೂತು ಯಾರನ್ನ ನೆನೆಸ್ಕೊಂಡು ಅಳ್ತಾನೆ?"

ಜಮ್ರಿಸ್ ಒಮ್ಮೆ ಅವನ ಮನೆಯಲ್ಲಿ ಉಂಡಿದ್ದ. ಅವನ ಮನೆ ಅಂದರೆ ಅವನ ಹೆಂಡತಿ ದಾಲಿಮಾಳ ಮನೆ. ಅಳಿಯಕಟ್ಟಿನ ಆ ಸೀಮೆಯಲ್ಲಿ ಗಂಡನೆಂಬುವನು ಹೆಂಡತಿಯ ಮನೆಗೆ ಬಂದು ಹೋಗುವ ನೆಂಟ. ಬೇಯಿಸಿದ ಮರಗೆಣಸಿನ ಸೊಪ್ಪು, ಮೆಣಸಿನ ಜೊತೆ ಜಜ್ಜಿದ ಒಣಮೀನು, ಬಿಸಿ ಅನ್ನ. ಸಿನಾರೋ ತಲೆ ಬಗ್ಗಿಸಿ ಕೂತ. ದಾಲಿಮಾ ಅವನ ತಟ್ಟೆಯಲ್ಲಿ ಅನ್ನ ಕಡಿಮೆಯಾದಂತೆಲ್ಲ ಹಾಕಿದಳು, ಮೀನಿನ ಬಟ್ಟಲನ್ನು ಒಂದಿಷ್ಟು ಅವನ ಕಡೆಗೆ ಸರಿಸಿದಳು. ಇವನು ಇನ್ನೇನು ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಕಾದು ಕಾದು ಜಮ್ರಿಸನಿಗೆ ತುತ್ತು ಇಳಿಯಲಿಲ್ಲ. ಒಂದು ಮಾತಿಲ್ಲ. ಗೋಡೆಗೊರಗಿ, ಕಾಲು ಚಾಚಿ, ಅರ್ಧ ಕಣ್ಣು ಮುಚ್ಚಿ, ಸಿನಾರೋ ಆ ಹೊತ್ತು ನೆರಳಿನಲ್ಲಿ ಮೆಲುಕು ಹಾಕುವ ದನದಂತೆಯೇ ಕಂಡ. ಪೇಟೆಗೆ ಮರಳುವ ದಾರಿಯಲ್ಲಿ ಜಮ್ರಿಸ್ ತಡೆಯಲಾರದೆ ಕೇಳಿದ: "ಊಟ ಹೇಗಿತ್ತು, ಸುತಾನ್?"

"ಯಾವ ಊಟ?" ಎಂದು ಸಿನಾರೋ ನಿಜವಾಗಿಯೇ ಆಶ್ಚರ್ಯಪಟ್ಟ.

ಇಂಥವನ ಸೋದರ ಸೊಸೆ ಹೆಲ್ಮಾ. ಸಿನಾರೋನ ಅಕ್ಕ ರಾಬಾನಿಯ ಮಗಳು. ಊಟದ ಸಾಲಿನಲ್ಲಿ ಉನಿ ಜಸ್ಮಿಯ ಪಕ್ಕದ ಹಲಗೆ ಅವರ ಮನೆತನದ್ದು. ಅಜ್ಜಿ ಕೂತದ್ದು, ಆಮೇಲೆ ರಾಬಾನಿ ಕೂತದ್ದು. ರಾಬಾನಿಯ ಮಂಡಿಗಳು ಕೈಕೊಟ್ಟ ಮೇಲೆ ಹಲಗೆ ಖಾಲಿ ಬಿತ್ತು. ಅದನ್ನು ಬಾಡಿಗೆಗೆ ಹಿಡಿದು ತನ್ನ ಪಾತ್ರೆಗಳನ್ನು ಆ ತುದಿಯವರೆಗೂ ಹರಡಬೇಕೆಂದು ಉನಿ ಜಸ್ಮಿ ಎಂದಿನಿಂದಲೋ ಹೊಂಚು ಹಾಕಿದ್ದಳು. ಆಗ ಹೆಲ್ಮಾ, ಬಟ್ಟೆ ಅಂಗಡಿಯ ಕೆಲಸ ಬಿಟ್ಟು, "ನಾನು ಕೂರ್ತೀನಿ" ಎಂದಳು. ಮನೆಯ ಹಿರಿಯ ಹೆಂಗಸರೆಲ್ಲ ಸೇರಿ ಗಡುವು ಕೊಟ್ಟರು: ಉಪವಾಸದ ತಿಂಗಳು ಬರುವುದರೊಳಗೆ ಬೆಂಚು ತುಂಬಿದರೆ ಹಲಗೆ ಅವಳದು, ಇಲ್ಲವಾದರೆ ಜಸ್ಮಿಯದು. ಹೆಲ್ಮಾಳಿಗೆ ಬೇಕಾದದ್ದು ಅದೊಂದೇ, ಅಜ್ಜಿ ಕೂತ ಜಾಗದಲ್ಲಿ ಕೂತು ಉದ್ದನೆಯ ಸೌಟು ಆಡಿಸುವುದು. ಎದುರು ಸಾಲಿನ ಟೋಪಿ ಅಂಗಡಿಯಿಂದ ಜಮ್ರಿಸ್ ನೋಡುತ್ತಿದ್ದ. ಗಿರಾಕಿ ಇಲ್ಲದ ಅಂಗಡಿಯವನಿಗೆ ನೋಡುವುದೇ ಉದ್ಯೋಗ.

ಮೊದಲ ದಿನದ ಹಿಂದಿನ ಸಂಜೆ ರಾಬಾನಿ ತಮ್ಮನನ್ನು ಜಮ್ರಿಸನ ಅಂಗಡಿಯ ಮುಂದೆಯೇ ಹಿಡಿದು ನಿಲ್ಲಿಸಿದಳು.

"ನಾಳೆ ಒಂದೇ ಒಂದು ದಿನ ಆ ನಿನ್ನ ಚರಂಡಿ ಬಾಯಿ ಮುಚ್ಚಿಟ್ಟುಕೋ. ಮಗು ಮೊದಲ ಸಲ ಬಡಿಸ್ತಾಳೆ. ಸೋದರಮಾವ ನೀನು. ಒಂದು ಒಳ್ಳೇ ಮಾತಾಡು, ನಾಲಗೆ ಏನೂ ಕಳಚಿ ಬೀಳಲ್ಲ."

"ಅಕ್ಕಾ, ಅದು ಹಾಗಲ್ಲ..."

"ನಂಗೆ ಹಾಗೂ ಬೇಡ ಹೀಗೂ ಬೇಡ. ಒಳ್ಳೇ ಮಾತು. ಅಷ್ಟೇ."

ಇಡೀ ಸಂತೆಗೆ ಹೆದರದವನು ಅಕ್ಕನಿಗೆ ಹೆದರುತ್ತಿದ್ದ. ಮರುದಿನ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ಹೆಲ್ಮಾಳ ಬೆಂಚಿನ ನಡುಮಧ್ಯೆ ಬಂದು ಕೂತ. ಅಕ್ಕಪಕ್ಕದಲ್ಲಿ ಅವನ ದಲ್ಲಾಳಿ ಪಡೆ. ಜಮ್ರಿಸನೂ ಅಂಗಡಿಗೆ ಪರದೆ ಎಳೆದು ಬಂದಿದ್ದ. ಮೇಲಿನಿಂದ ಹೆಲ್ಮಾ ಸೌಟು ಇಳಿಸಿದಳು. ಅನ್ನ, ಅದರ ಮೇಲೆ ಹಲಸಿನಕಾಯಿ, ಕರುಳು, ಒಂದು ತುಂಡು ರೆಂಡಾಂಗ್. ಸಿನಾರೋ ತಟ್ಟೆಯನ್ನು ನೋಡಿದ. ಮೂಲೆಯ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತ ಅಕ್ಕನನ್ನು ನೋಡಿದ. ಕೈ ಇನ್ನೂ ಅನ್ನದ ಮೇಲಿತ್ತು. ಗಂಟಲು ಸರಿಮಾಡಿಕೊಂಡು, ಪೊಲೀಸರ ಮುಂದೆ ಒಪ್ಪಿಕೊಳ್ಳುವವನ ದನಿಯಲ್ಲಿ ಹೇಳಿದ: "ಚೆನ್ನಾಗಿದೆ."

ತುತ್ತೆತ್ತಿದ್ದ ಒಬ್ಬ ದಲ್ಲಾಳಿ ಅದನ್ನು ಮೆತ್ತಗೆ ತಟ್ಟೆಗೆ ಇಳಿಸಿದ. ಇನ್ನೊಬ್ಬ ಹೆಲ್ಮಾಳನ್ನು ನೋಡಿ, ಸಾವಿನ ಮನೆಗೆ ಬಂದವನಂತೆ, "ಇರಲಿ ಬಿಡಮ್ಮ. ಎಲ್ಲಾ ದೇವರಿಚ್ಛೆ" ಎಂದ. ಎಲ್ಲರೂ ಮರ್ಯಾದೆಗೆ ನಾಲ್ಕು ತುತ್ತು ತಿಂದು ಎದ್ದರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಸುದ್ದಿ ಕೆಳಗಿನ ಪೇಟೆ ಮುಟ್ಟಿತ್ತು.

"ಸಿನಾರೋ ಚೆನ್ನಾಗಿದೆ ಅಂದನಂತೆ."

"ಯಾ ಅಲ್ಲಾ! ಅಷ್ಟೊಂದು ಕೆಟ್ಟದಾಗಿದೆಯಾ?"

ಜಮ್ರಿಸನ ವಿಷಯ ಹೇಳಲು ನಾಚಿಕೆಯಾಗಬೇಕು. ಅವನು ಅವತ್ತು ಹೆಲ್ಮಾಳ ಗುಲಾಯಿಯನ್ನು ತಿಂದ. ಅದು ಅವನಿಗೆ ಬಹಳ ಹಿಡಿಸಿತು. ಹಿಡಿಸಿದ್ದಕ್ಕೆ ತನ್ನ ನಾಲಗೆಯಲ್ಲೇ ಏನೋ ದೋಷವಿರಬೇಕೆಂದು ಕಳವಳಪಟ್ಟು ಮನೆಗೆ ಹೋಗಿ ಬಾಯಿ ಮುಕ್ಕಳಿಸಿದ. ಮರುದಿನ ಊರಿನ ಜೊತೆಗೇ, ತಲೆ ತಗ್ಗಿಸಿಕೊಂಡು, ಉನಿ ಜಸ್ಮಿಯ ಬೆಂಚಿಗೆ ಹೋಗಿ ಕೂತ.

ಹೆಲ್ಮಾಳ ಪಾತ್ರೆಗಳು ಬೆಳಿಗ್ಗೆ ತುಂಬಿ ಬಂದು ಸಂಜೆ ತುಂಬಿಯೇ ಹೋದವು. ಮನೆಯಲ್ಲಿ ಅವಳ ಮಕ್ಕಳು ದಿನವೂ ಕರುಳು ತಿಂದು ತಿಂದು, ಒಂದು ಬರಿಯ ಮೊಟ್ಟೆಗಾಗಿ ಅಳತೊಡಗಿದರು. ರಾಬಾನಿ ತಮ್ಮನನ್ನು ಮತ್ತೆ ಹಿಡಿದಳು.

"ಏನೋ ಮಾಡಿದೆ ನೀನು?"

"ನೀನು ಹೇಳಿದ್ದನ್ನ."

"ಹಾಳಾಗಿ ಹೋಗು! ಈಗಲೇ ಹೋಗಿ ಬೈದು ಬಾ."

ಸಿನಾರೋ ಹೋಗಿ ಬೈದ. ಆದರೆ ಅದೂ ಒಂದು ಬೈಗುಳವೇ? ಮೇಷ್ಟರ ಮುಂದೆ ನಿಂತ ದಡ್ಡನ ಹಾಗೆ, "ಉಪ್ಪು... ಉಪ್ಪು ಕಡಿಮೆ. ಖಾರ... ಖಾರಾನೂ ಹಾಗೇ" ಎಂದ, ಮುಂದೇನು ಎಂದು ಅಕ್ಕನ ಮುಖ ನೋಡಿದ, ಅರ್ಧ ತಟ್ಟೆ ಬಿಟ್ಟು ಎದ್ದ. ದಲ್ಲಾಳಿಗಳು ಹಲ್ಲುಕಡ್ಡಿ ಕಚ್ಚಿಕೊಂಡು ದೂರದಿಂದಲೇ ನೋಡಿದರು. ಸಂತೆಯಲ್ಲಿ ದುಡ್ಡು ಕೊಟ್ಟು ಬೈಯಿಸುವವರೂ ಉಂಟು. ಅಂಥ ಬೈಗುಳವನ್ನು ಅವರು ಮೈಲಿಯಾಚೆಯಿಂದಲೇ ಗುರುತಿಸಬಲ್ಲರು.

"ಅಕ್ಕ ಬಾಯಿಪಾಠ ಮಾಡ್ಸಿದಾಳೆ," ಎಂದ ಒಬ್ಬ.

"ಪಾಪ, ತಿನ್ನೋಕೂ ಆಗ್ಲಿಲ್ಲ ನೋಡು," ಎಂದ ಇನ್ನೊಬ್ಬ.

ಅಲ್ಲಿಗೆ ಉಳಿದಿದ್ದ ಒಂದಿಬ್ಬರು ಪರವೂರಿನ ಗಿರಾಕಿಗಳೂ ಬರುವುದನ್ನು ನಿಲ್ಲಿಸಿದರು. ಉಪವಾಸದ ತಿಂಗಳು ಬಾಗಿಲಿಗೇ ಬಂದಿತ್ತು. ಉನಿ ಜಸ್ಮಿ ಮಾತಾಡುವ ನೆಪದಲ್ಲಿ ಬಂದು ಹೆಲ್ಮಾಳ ಹಲಗೆಯನ್ನು ಗೇಣು ಹಾಕಿ ಅಳೆದಳು. "ನಾಲ್ಕು ಪಾತ್ರೆ ಆರಾಮಾಗಿ ಹಿಡಿಸತ್ತೆ ಕಣೇ," ಎಂದಳು, ಹೆಲ್ಮಾಳಿಗೇ ಒಳ್ಳೆಯ ಸುದ್ದಿ ಹೇಳುವವಳಂತೆ. ಹೆಲ್ಮಾ ಸೌಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಯಾರೂ ಬರದ ದಾರಿ ನೋಡುತ್ತ ಕೂತಳು.

ಅವತ್ತೇ ಸಿನಾರೋ ಬಂದ. ಸಂತೆಯಲ್ಲಿ ಹಿಡಿದಿದ್ದ ವ್ಯಾಪಾರವೊಂದು ಕೊನೆಯ ಬೆರಳಲ್ಲಿ ಕೈತಪ್ಪಿ ಹೋಗಿತ್ತು. ಮುಖ ಗಂಟುಹಾಕಿಕೊಂಡು, ಹಸಿದು, ಸೀದಾ ಹೆಲ್ಮಾಳ ಬೆಂಚಿಗೆ ಬಂದು ಕುಕ್ಕರಿಸಿದ.

"ಬಡಿಸು."

"ಬಡಿಸಲ್ಲ."

ಎದುರಿನ ಅಂಗಡಿಯಲ್ಲಿ ಟೋಪಿಯ ಧೂಳು ಕೊಡವುತ್ತಿದ್ದ ಜಮ್ರಿಸನ ಕೈ ಹಾಗೇ ನಿಂತಿತು. ಸೋದರಮಾವನಿಗೆ ಇಲ್ಲ ಅಂದ ಸೊಸೆಯನ್ನು ಆ ಸಾಲು ಕಂಡಿರಲಿಲ್ಲ.

"ಹಸಿವಾಗ್ತಿದೆ ಕಣೇ."

"ಆಗ್ಲಿ. ಒಂದು ಸಲ ಹೊಗಳಿ ನನ್ನ ಅಂಗಡಿ ಮುಳುಗಿಸಿದ್ರಿ ಮಾಮಾ. ಇನ್ನೊಂದು ಸಲ ಬೈದು ಮಾನ ಕಳೆದ್ರಿ. ಇನ್ನೇನು ಬಾಕಿ ಇದೆ, ಹಾಡು ಹೇಳ್ತೀರಾ?"

"ನಿಮ್ಮಮ್ಮ ಹೇಳಿದ್ದಕ್ಕೆ..."

"ಅಮ್ಮ ಹೇಳಿದ್ಲಂತೆ! ಏನು ದೊಡ್ಡ ನಾಲಗೆ ನಿಮ್ಮದು? ದನದ ಬಾಲ ಎತ್ತಿ ಎತ್ತಿ ಬಲಿತ ನಾಲಗೆ. ಅದರ ಹಿಂದೆ ಇಡೀ ಊರು! ಆ ಊರಾದ್ರೂ ಎಂಥದ್ದು? ಬಾಯಲ್ಲಿರೋದು ಉಪ್ಪೋ ಸಪ್ಪೆಯೋ ಅಂತ ಪಕ್ಕದವನ ಮುಖ ನೋಡಿ ತಿಳ್ಕೊಳ್ಳೋ ಜನ!"

ಇದು ತನಗೆ ಹೇಳಿದ್ದಲ್ಲ ಎಂದುಕೊಳ್ಳಲು ಜಮ್ರಿಸ್ ಬಹಳ ಪ್ರಯತ್ನಪಟ್ಟ.

"ಬಾಯಿಗೆ ಬೀಗ ಹಾಕು ಹುಡುಗಿ. ಯಾರ ಜೊತೆ ಮಾತಾಡ್ತಿದೀಯ ಗೊತ್ತಿದೆಯಾ?"

"ಗೊತ್ತಿದೆ. ಪೇಟೇಲಿ ಗೂಳಿ ಥರ ಗುಟುರು ಹಾಕಿ, ಹೆಂಡ್ತಿ ಮನೇಲಿ ಕತ್ತು ಬಗ್ಗಿಸಿ ಹುಲ್ಲು ಮೇಯೋ ಎತ್ತಿನ ಜೊತೆ."

ಸಾಲಿನ ಸೌಟುಗಳೆಲ್ಲ ಗಾಳಿಯಲ್ಲಿ ನಿಂತವು. ಸಿನಾರೋನ ಕಿವಿ ಕೆಂಪಾಯಿತು. ಅವನು ಎದ್ದು, ಬೇಸಿನ್ನಿನಿಂದ ತಾನೇ ಅನ್ನ ಬಗೆದು ತಟ್ಟೆಗೆ ಹಾಕಿಕೊಂಡು, ಅದನ್ನು ಅವಳ ಮೂಗಿನ ಮಟ್ಟಕ್ಕೆ ಚಾಚಿದ. "ಹಾಕು. ಅದೇನು ಬೇಯಿಸಿದೀಯ ನೋಡೇಬಿಡ್ತೀನಿ."

ಅವಳು ಸೌಟು ತುಂಬ ಹಲಸಿನಕಾಯಿ ಎತ್ತಿ, ಅವನ ಅಂಗಿಗೂ ಪಾಲು ಸಿಗುವಂತೆ, ತಟ್ಟೆಗೆ ಸುರಿದಳು. ಅವನು ನಿಂತೇ ಒಂದು ತುತ್ತು ಬಾಯಿಗಿಟ್ಟ. ಅಗಿದ. ಕೂತ.

"ಇದನ್ನ ಹೆಚ್ಚಿದ್ದು ಯಾರು, ಸೌದೆ ಒಡೆಯೋನಾ?"

"ಹಲ್ಲಿಲ್ಲದೋರಿಗೆ ಸೌದೆ ಥರಾನೇ ಇರತ್ತೆ."

"ತೆಂಗಿನಹಾಲು ಹಿಂಡಿದ್ದಾ, ಕಾಯಿ ತೊಳೆದ ನೀರಾ? ನಮ್ಮಮ್ಮ ಇದೇ ಹಲಗೆ ಮೇಲೆ ಕೂತು... ಕರುಳು ಹಾಕು."

"ಅಜ್ಜಿ ಇದ್ದಿದ್ರೆ ಸೌಟಲ್ಲಿ ನಿಮ್ಮ ತಲೆಗೆ ಕೊಡ್ತಿದ್ಲು. ತಗೊಳ್ಳಿ."

"ಥೂ, ಕರುಳೊಳಗೆ ಮೊಟ್ಟೆ ತುಂಬಿದಾಳೋ ಸುಣ್ಣ ತುಂಬಿದಾಳೋ! ಇದಕ್ಕಿಂತ ಬರೀ ಕರುಳೇ ವಾಸಿ. ಇನ್ನೊಂದು ಹಾಕು, ಎಷ್ಟು ಕೆಟ್ಟಿದೆ ಅಂತ ಪೂರ್ತಿ ಗೊತ್ತಾಗ್ಲಿ."

"ಗೊತ್ತಾದ್ರೆ ನಮಗೂ ಹೇಳಿ. ಊರು ಕಾಯ್ತಿದೆ, ನಿಮ್ಮನ್ನ ಕೇಳದೆ ನುಂಗೋ ಹಾಗಿಲ್ಲ."

ಬೆವರು ಸಿನಾರೋನ ಹಣೆಯಿಂದ ಮೂಗಿಗೆ, ಮೂಗಿನಿಂದ ತಟ್ಟೆಗೆ ಇಳಿಯುತ್ತಿತ್ತು. ಬೈಗುಳ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ. ಉನಿ ಜಸ್ಮಿಯ ಬೆಂಚಿನ ತುದಿಯಿಂದ ಒಬ್ಬ ದಲ್ಲಾಳಿ ಎದ್ದು ಬಂದು, ನೋಡುವವನಂತೆ ನಿಂತ. ಇನ್ನೊಬ್ಬ ಹಿಂದಿನಿಂದ ಪಿಸುಗುಟ್ಟಿದ:

"ಎದ್ನಾ?"

"ಎಲ್ಲಿ ಏಳ್ತಾನೆ? ಎರಡನೇ ಸಲ ಅನ್ನ ಹಾಕಿಸ್ಕೊಂಡ. ರೆಂಡಾಂಗನ್ನ ಚಪ್ಪಲಿ ಅಂದ."

"ಚಪ್ಪಲಿ ಅಂದ್ನಾ? ನಿಜವಾಗ್ಲೂ?" ಎಂದವನೇ ಬೆಂಚಿನ ಮೇಲೆ ಜಾಗ ಹಿಡಿದು ಕೂಗಿದ: "ಉನಿ, ನನಗೊಂದು ತಟ್ಟೆ! ಚಪ್ಪಲಿ ಎರಡು ತುಂಡು!"

ಆಮೇಲೆ ಬೆಂಚು ತುಂಬಿದ ಬಗೆಯನ್ನು ಜಮ್ರಿಸ್ ಸರಿಯಾಗಿ ನೋಡಲಿಲ್ಲ. ಅಷ್ಟರಲ್ಲಿ ಅವನೂ ಅಂಗಡಿಗೆ ಪರದೆ ಎಳೆದು ಇಬ್ಬರ ನಡುವೆ ತೂರಿಕೊಂಡಿದ್ದ. ಅದೇ ಗುಲಾಯಿ, ಅವತ್ತಿನದೇ ರುಚಿ. ಈ ಸಲ ಅದು ಧೈರ್ಯವಾಗಿ ಹಿಡಿಸಿತು. ಅವನು ತಲೆಯೆತ್ತಿದಾಗ ಹೆಲ್ಮಾ ಮೇಲಿನಿಂದ ಅವನನ್ನೇ ನೋಡುತ್ತಿದ್ದಳು. "ರುಚಿಯಾಗಿದೆಯಾ, ಉದಾ? ಯಾರನ್ನಾದ್ರೂ ಕೇಳಿ ಹೇಳಿ," ಎಂದಳು. ಅಣ್ಣ ಎನ್ನುವ ಆ ಉದಾದಲ್ಲಿ ಒಂದು ಚಿಟಿಕೆ ಮರ್ಯಾದೆಯೂ ಇರಲಿಲ್ಲ. ಜಮ್ರಿಸ್ ತಟ್ಟೆಯೊಳಕ್ಕೆ ಮುಖ ಹುದುಗಿಸಿದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಾತ್ರೆಗಳ ತಳ ಕೆರೆಯುವ ಸದ್ದು ಕೇಳಿಸಿತು. ಮರುದಿನವೂ ಕೇಳಿಸಿತು, ಅದರ ಮರುದಿನವೂ. ಸಿನಾರೋ ಪ್ರತಿದಿನ ಬಂದು, ಪ್ರತಿದಿನ ಹೊಸದಾಗಿ ಅವಮಾನಪಟ್ಟು, ಹೊಸದಾಗಿ ಬೈದ. ಉನಿ ಜಸ್ಮಿ ಗೇಣು ಹಾಕುವುದನ್ನು ನಿಲ್ಲಿಸಿ, ಸಿನಾರೋ ತನ್ನನ್ನು ಮರೆತೇಬಿಟ್ಟ, ಒಂದು ಕೆಟ್ಟ ಮಾತಾದರೂ ಆಡಬಾರದೇ ಎಂದು ಕಂಡಕಂಡವರ ಹತ್ತಿರ ಅಲವತ್ತುಕೊಳ್ಳತೊಡಗಿದಳು.

ಉಪವಾಸದ ಹಿಂದಿನ ದಿನ ಮನೆಯ ಹಿರಿಯ ಹೆಂಗಸರು ಬಂದು, ಜಾಗ ಸಾಲದೆ ನಿಂತುಕೊಂಡೇ ಉಂಡು, ಹಲಗೆ ಹೆಲ್ಮಾಳದೇ ಎಂದು ಹೇಳಿ ಹೋದರು. ಕೊನೆಯ ಗಿರಾಕಿಯೂ ಎದ್ದ ಮೇಲೆ ಬೆಂಚಿನಲ್ಲಿ ಉಳಿದವರು ಸಿನಾರೋ ಮತ್ತು ಜಮ್ರಿಸ್ ಇಬ್ಬರೇ. ಹೆಲ್ಮಾ ಹಲಗೆಯಿಂದ ಕೆಳಗಿಳಿದು, ಮೊದಲ ಸಲ ಮಾವನ ಎದುರಿಗೆ ಕೂತಳು. ಅವಳ ದನಿಯಲ್ಲಿ ಜಗಳ ಇರಲಿಲ್ಲ.

"ಮಾಮಾ, ಬೈದಿದ್ದೆಲ್ಲ ಇರಲಿ. ಆ ಮೊದಲ್ನೇ ದಿನ ಚೆನ್ನಾಗಿದೆ ಅಂದ್ರಲ್ಲ, ಅದು ನಿಜವಾಗ್ಲೂ ಚೆನ್ನಾಗಿತ್ತಾ?"

ಸಿನಾರೋ ಹಲ್ಲಿನ ಸಂದಿಯಿಂದ ಹಲಸಿನ ನಾರೊಂದನ್ನು ಎಳೆದು ತೆಗೆದು, ಬೆಳಕಿಗೆ ಹಿಡಿದು ನೋಡಿದ.

"ಗೊತ್ತಿಲ್ಲಮ್ಮ," ಎಂದ. "ಅವತ್ತು ತಿನ್ನೋಕೆ ಮುಂಚೇನೇ ಹೇಳ್ಬಿಟ್ಟಿದ್ದೆ. ಹೇಳಿದ ಮೇಲೆ ತಿಂದ್ರೆ ರುಚಿ ಎಲ್ಲಿ ಗೊತ್ತಾಗತ್ತೆ?"